ಪರ್ಲಾರೆ ಎಂಬ ಸಾಧು ಕ್ರಿಯಾಪದ

ಇಟಾಲಿಯನ್ ವ್ಯಾಕರಣದ ಯಾವ ಪಠ್ಯಪುಸ್ತಕ ತೆಗೆದರೂ ಕೊನೆಯ ಪುಟಗಳಲ್ಲಿ ಒಂದು ಉದ್ದನೆಯ ಪಟ್ಟಿ ಸಿಗುತ್ತದೆ. ಅದರ ತಲೆಯಲ್ಲಿ ಸಾಮಾನ್ಯವಾಗಿ ‘ಪರ್ಲಾರೆ’ ಇರುತ್ತದೆ, ಅಂದರೆ ಮಾತನಾಡು. ಕೆಲವರು ‘ಅಮಾರೆ’ ಹಿಡಿಯುತ್ತಾರೆ, ಪ್ರೀತಿಸು. ಕೆಲವರು ‘ಕಂತಾರೆ’, ಹಾಡು. ಮೂರೂ ಸಾಧು ಪ್ರಾಣಿಗಳು, ಎಳೆದ ಕಡೆ ಬರುತ್ತವೆ. ಪಟ್ಟಿಯಲ್ಲಿ ಏಳು ಅರ್ಥಗಳಿವೆ. ನಮ್ಮ ಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂದು ಓದಿದ ಆ ‘ಅರ್ಥ’ವನ್ನೇ ಇಲ್ಲಿ ಬಳಸುತ್ತಿದ್ದೇನೆ. ಏಳು ಅರ್ಥಗಳೊಳಗೆ 21 ಕಾಲಗಳು, ಹೆಚ್ಚಿನವುಗಳಲ್ಲಿ ಆರಾರು ರೂಪಗಳು. ಆಜ್ಞಾರ್ಥದಲ್ಲಿ ಮಾತ್ರ ‘ನಾನು’ ಇರುವುದಿಲ್ಲ. ತನಗೆ ತಾನೇ ಅಪ್ಪಣೆ ಕೊಟ್ಟುಕೊಳ್ಳುವ ಶಿಸ್ತಿನವರಿಗೆ ಇಟಾಲಿಯನ್ ಜಾಗ ಮಾಡಿಕೊಟ್ಟಿಲ್ಲ. ಎಲ್ಲ ಕೂಡಿಸಿದರೆ 95 ಮನೆಗಳು.

ಇಟಾಲಿಯನ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ, ಧ್ವನಿಯ ಒತ್ತು ಬೀಳುವ ಸ್ವರವನ್ನು ಆದಷ್ಟೂ ದೀರ್ಘ ಮಾಡಿದ್ದೇನೆ. ದ್ವಿತ್ವದ ಮುಂದೆ ಅದರ ಅಗತ್ಯ ಬೀಳುವುದಿಲ್ಲ. ಈ ಭಾಷೆಗೆ ನಮ್ಮ ಲಿಪಿ ಚೆನ್ನಾಗಿ ಒಗ್ಗುತ್ತದೆ. ಅದು ಎಷ್ಟು ಅನುಕೂಲ ಎಂಬುದು ಮುಂದೆ ಒಂದು ಕಡೆ ಕಾಣುತ್ತದೆ.

ಪಟ್ಟಿಯನ್ನು ನೋಡಿದವರಿಗೆ ಇದೊಂದು ಹುಟ್ಟಿನಿಂದ ಬಂದ ಕ್ರಮ ಎನ್ನಿಸುತ್ತದೆ. ನಿಯಮಿತ ಕ್ರಿಯಾಪದಗಳು ಸಹಜವಾಗಿ ನೇರ, ಅನಿಯಮಿತಗಳು ದಾರಿ ತಪ್ಪಿದವು ಎಂದು ಪುಸ್ತಕಗಳೂ ಸೂಚಿಸುತ್ತವೆ. ನನಗೆ ಕಂಡದ್ದು ಇದರ ತಿರುವುಮುರುವು. ‘ಎಸ್ಸೆರೆ’, ‘ಅವೇರೆ’, ‘ಅಂದಾರೆ’, ‘ಫಾರೆ’ ಎಂಬ ಒರಟು ಕ್ರಿಯಾಪದಗಳು, ಅಂದರೆ ಇರು, ಹೊಂದಿರು, ಹೋಗು, ಮಾಡು, ಹಳೆಯದನ್ನು ಉಳಿಸಿಕೊಂಡವು. ದಿನಕ್ಕೆ ನೂರು ಸಲ ಬಾಯಿಗೆ ಬರುವುದರಿಂದ ಅವುಗಳ ವಕ್ರತೆ ಎಲ್ಲರಿಗೂ ನೆನಪಿರುತ್ತದೆ, ಯಾರೂ ತಿದ್ದಲು ಹೋಗುವುದಿಲ್ಲ. ಕನ್ನಡದಲ್ಲಿ ‘ಬಾ’ ಎಂಬುದು ‘ಬಂದ’ ಆಗುತ್ತದೆ, ‘ಕೊಡು’ ‘ಕೊಟ್ಟ’ ಆಗುತ್ತದೆ, ‘ಬೀಳು’ ‘ಬಿದ್ದ’ ಆಗುತ್ತದೆ, ಕಾರಣ ಅದೇ. ಸಾಧುವಾಗಿ ಕಾಣುವ ಪರ್ಲಾರೆಯನ್ನೇ ಜನ ಶತಮಾನಗಳ ಕಾಲ ಕತ್ತರಿಸಿ, ಜೋಡಿಸಿ, ಪಕ್ಕದ ರೂಪಗಳಿಗೆ ಹೊಂದಿಸಿ ಇಟ್ಟಿದ್ದಾರೆ. ಆ 95 ಮನೆಗಳಲ್ಲಿ ಒಂದೊಂದನ್ನು ಕಟ್ಟಿದ ಕಾಲ ಬೇರೆ, ಊರು ಬೇರೆ.

ಮೊದಲಿಗೆ, ಈ ಕ್ರಿಯಾಪದವೇ ಹೊಸಬ. ಲ್ಯಾಟಿನ್‌ನಲ್ಲಿ ಮಾತನಾಡುವುದಕ್ಕೆ ‘ಲೊಕ್ವಿ’ ಎಂಬ ಧಾತು ಇತ್ತು. ರೂಪದಲ್ಲಿ ಕರ್ಮಣಿ, ಅರ್ಥದಲ್ಲಿ ಕರ್ತರಿ. ಕಲಿಯುವವರಿಗೆ ತಲೆನೋವು ತರುವ ಗುಂಪಿನದು. ಕ್ರೈಸ್ತ ಧರ್ಮ ಹರಡುವಾಗ ‘ಪರಬೊಲ’ ಎಂಬ ಗ್ರೀಕ್ ಪದ ಚರ್ಚಿನ ಲ್ಯಾಟಿನ್‌ಗೆ ಬಂತು. ಯೇಸು ಹೇಳಿದ ಸಾಮತಿಗಳಿಗೆ ಅದೇ ಹೆಸರು. ಅದರಿಂದ ‘ಪರಬೊಲಾರೆ’, ಸವೆದು ‘ಪರ್ಲಾರೆ’. ‘ಪರೋಲ’, ಅಂದರೆ ಪದ, ಕೂಡ ಅದೇ ಗರ್ಭದ ಕೂಸು. ಸ್ಪೇನಿನ ಜನ ಅದೇ ಕೆಲಸಕ್ಕೆ ‘ಫಾಬುಲಾರಿ’ ಎಂಬ ಕಥೆ ಹೇಳುವ ಧಾತುವನ್ನು ಹಿಡಿದರು. ಇಂದು ಅದು ‘ಅಬ್ಲಾರ್’. ಹೀಗೆ ಎರಡು ದೇಶಗಳಲ್ಲೂ ಹಳೆಯ ಮಾತಿನ ಧಾತು ಸತ್ತು ಕಥೆಯ ಧಾತು ಗದ್ದುಗೆಗೆ ಬಂತು. ಕೊನೆಯ ‘-ಆರೆ’, ‘-ಎರೆ’, ‘-ಈರೆ’ ನೋಡಿ ಇಟಾಲಿಯನ್ ಕ್ರಿಯಾಪದಗಳನ್ನು ಮೂರು ಗಣ ಮಾಡುತ್ತಾರೆ. ಎರಡೂ ಕಡೆ ಹೊಸಬನಿಗೆ ದೊರೆತದ್ದು ಆ-ಕಾರದ ಮೊದಲ ಗಣವೇ. ಹೊರಗಿನಿಂದ ಬಂದವರನ್ನು ಸೇರಿಸಿಕೊಳ್ಳುವ ಹೆಬ್ಬಾಗಿಲು ಅದು. ಇಂದಿಗೂ ಇಟಲಿಯ ಹುಡುಗರು ‘ಗೂಗ್ಲಾರೆ’, ‘ಚತ್ತಾರೆ’, ‘ಪೊಸ್ತಾರೆ’ ಎನ್ನುತ್ತಾರೆಯೇ ಹೊರತು ಎರಡನೆಯ ಗಣದ ‘-ಎರೆ’ಯನ್ನು ಯಾರೂ ಮುಟ್ಟುವುದಿಲ್ಲ. ಕನ್ನಡದಲ್ಲಿ ಈ ಬಾಗಿಲು ‘-ಇಸು’. ಸಂಸ್ಕೃತದ ಚಿಂತೆ ‘ಚಿಂತಿಸು’ ಆಗಿ ಬಂದ ದಾರಿಯಲ್ಲೇ ‘ಗೂಗಲಿಸು’ ಕೂಡ ಬಂದಿದೆ. ಅದರ ಭೂತಕಾಲ ಏನೆಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ವರ್ತಮಾನಕಾಲ ಹೀಗೆ: ಪರ್ಲೊ, ಪರ್ಲಿ, ಪರ್ಲ, ಪರ್ಲ್ಯಾಮೊ, ಪರ್ಲಾತೆ, ಪರ್ಲನೊ. ನಾನು, ನೀನು, ಅವನು ಅಥವಾ ಅವಳು, ನಾವು, ನೀವು, ಅವರು. ಸರ್ವನಾಮ ಬೇಕಿಲ್ಲ, ಪ್ರತ್ಯಯವೇ ಆಳನ್ನು ತೋರಿಸುತ್ತದೆ. ‘ಬರುತ್ತೇನೆ’ ಎಂದ ಮೇಲೆ ‘ನಾನು’ ಹೇಳದ ನಮಗೆ ಇದರಲ್ಲಿ ಕಲಿಯಲು ಏನೂ ಇಲ್ಲ. ತೊಡಕು ಇರುವುದು ಒತ್ತಿನಲ್ಲಿ. ನಾವು, ನೀವು ಎರಡರಲ್ಲಿ ಒತ್ತು ಪ್ರತ್ಯಯದ ಮೇಲೆ ಬೀಳುತ್ತದೆ; ಉಳಿದ ನಾಲ್ಕರಲ್ಲಿ ಧಾತುವಿನ ಮೇಲೆ. ‘ಅವರು ಫೋನ್ ಮಾಡುತ್ತಾರೆ’ ಎನ್ನಲು ‘ತೆಲೇಫೊನನೊ’: ಕೊನೆಯಿಂದ ನಾಲ್ಕನೆಯ ಅಕ್ಷರಕ್ಕೆ ಒತ್ತು, ಮಿಕ್ಕ ಮೂರು ಉರುಳಿಕೊಂಡು ಬರುತ್ತವೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಕೆಡುವುದಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಗಮನಿಸುವುದೇ ಇಲ್ಲ. ಇಲ್ಲಿ ಗಮನಿಸದಿದ್ದರೆ ‘ಪರ್ಲೊ’ ಎಂಬ ‘ಮಾತನಾಡುತ್ತೇನೆ’, ‘ಪರ್ಲೋ’ ಎಂಬ ‘ಮಾತನಾಡಿದನು’ ಆಗಿಬಿಡುತ್ತದೆ. ಆಳೂ ಬೇರೆ, ಕಾಲವೂ ಬೇರೆ.

ಆ ‘ಪರ್ಲ್ಯಾಮೊ’ ಇದೆಯಲ್ಲ, ಅದು ಈ ಸಾಲಿನಲ್ಲಿ ಹುಟ್ಟಿದ್ದಲ್ಲ. ಸಾಲಿನ ಲೆಕ್ಕದ ಪ್ರಕಾರ ಅಲ್ಲಿ ‘ಪರ್ಲಾಮೊ’ ಇರಬೇಕಿತ್ತು. ಎರಡನೆಯ ಗಣಕ್ಕೆ ‘-ಏಮೊ’, ಮೂರನೆಯದಕ್ಕೆ ‘-ಈಮೊ’. ಹಳೆಯ ಬರಹಗಳಲ್ಲಿ ಹಾಗೆಯೇ ಇವೆ. ರೋಮ್ ನಗರದ ಬೀದಿಯಲ್ಲಿ ಇಂದಿಗೂ ‘ಪರ್ಲಾಮೊ’ ಎನ್ನುವವರಿದ್ದಾರೆ. ಫ್ಲಾರೆನ್ಸಿನವರು ಕೊಂಜುಂತೀವೊ ಎಂಬ ಬೇರೊಂದು ಅರ್ಥದ ‘-ಯಾಮೊ’ವನ್ನು ತಂದು ಮೂರೂ ಗಣಗಳಿಗೆ ಹಚ್ಚಿಬಿಟ್ಟರು. ಫ್ಲಾರೆನ್ಸಿನ ಭಾಷೆ ಗೆದ್ದಿತು, ಅದರ ಜೊತೆಗೆ ‘-ಯಾಮೊ’ ಕೂಡ ಗೆದ್ದಿತು. ಪಟ್ಟಿಯಲ್ಲಿ ಅತ್ಯಂತ ಕ್ರಮಬದ್ಧವಾಗಿ ಕಾಣುವ ರೂಪವೇ ಪಕ್ಕದ ಮನೆಯಿಂದ ಎತ್ತಿ ತಂದದ್ದು!

ಇಂಪೆರ್ಫೆತ್ತೊ ಎಂಬ ಕಾಲ ನನಗೆ ಎಲ್ಲಕ್ಕಿಂತ ಪ್ರಿಯ. ಪರ್ಲಾವೊ, ಪರ್ಲಾವಿ, ಪರ್ಲಾವ, ಪರ್ಲವಾಮೊ, ಪರ್ಲವಾತೆ, ಪರ್ಲಾವನೊ. ‘ಮಾತನಾಡುತ್ತಿದ್ದೆ’ ಎಂಬುದಕ್ಕೆ ಹತ್ತಿರ. ಬಾಯಲ್ಲಿ ಸುಲಭವಾಗಿ ಹೊರಳುತ್ತದೆ, ಅನಿಯಮಿತ ಕ್ರಿಯಾಪದಗಳೂ ಈ ಕಾಲಕ್ಕೆ ಬಂದಾಗ ಹೆಚ್ಚಾಗಿ ಬಾಲ ಮುದುರಿಕೊಳ್ಳುತ್ತವೆ. ಆದರೆ ಮೊದಲ ರೂಪವಾದ ‘ಪರ್ಲಾವೊ’ ಪುಸ್ತಕದೊಳಕ್ಕೆ ಬಂದು ಗಟ್ಟಿಯಾಗಿ ಕುಳಿತದ್ದು ತೀರ ತಡವಾಗಿ. ಲ್ಯಾಟಿನ್‌ನ ‘-ಆಬಮ್’ನಿಂದ ನೇರವಾಗಿ ಬಂದದ್ದು ‘ಇಯೊ ಪರ್ಲಾವ’, ನಾನು ಮಾತನಾಡುತ್ತಿದ್ದೆ; ಅವನು ಮಾತನಾಡುತ್ತಿದ್ದ ಎನ್ನುವುದಕ್ಕೂ ‘ಪರ್ಲಾವ’. ಮಾತಿನಲ್ಲಿ ಫ್ಲಾರೆನ್ಸಿನ ಜನ ಈ ಎರಡನ್ನು ಬೇರ್ಪಡಿಸಲು, ವರ್ತಮಾನದ ‘ಪರ್ಲೊ’ವನ್ನು ನೋಡಿ ‘ಪರ್ಲಾವೊ’ ಮಾಡಿಕೊಂಡಿದ್ದರು. ಆದರೆ 1525ರಲ್ಲಿ ವೆನಿಸ್‌ನ ಪಿಯೆತ್ರೊ ಬೆಂಬೊ ಸಾಹಿತ್ಯ ಭಾಷೆಗೆ ನಿಯಮ ಬರೆದಾಗ ಅವನ ಕಣ್ಣು ತನ್ನ ಕಾಲದ ಫ್ಲಾರೆನ್ಸಿನ ಮೇಲೆ ಇರಲಿಲ್ಲ. ಇನ್ನೂರು ವರ್ಷ ಹಿಂದಿನ ಪೆತ್ರಾರ್ಕ, ಬೊಕ್ಕಾಚ್ಚೊ ಅವರ ಮೇಲೆ ಇತ್ತು. ಅವರು ಬರೆದದ್ದು ‘-ಆವ’. ಆದ್ದರಿಂದ ಬರೆಯುವವರೆಲ್ಲರೂ ‘-ಆವ’ ಎಂದೇ ಬರೆಯಬೇಕಾಯಿತು. ಮೂರು ಶತಮಾನ ಬಾಯಿ ಒಂದು, ಲೇಖನಿ ಇನ್ನೊಂದು.

ಈ ಗಂಟನ್ನು ಬಿಡಿಸುವುದರಲ್ಲಿ ಮುಖ್ಯ ಪಾತ್ರ ಮಿಲಾನಿನ ಕಾದಂಬರಿಕಾರ ಅಲೆಸ್ಸಾಂದ್ರೊ ಮನ್ಜೋನಿಯದು. ಮನೆಯಲ್ಲಿ ಮಿಲಾನಿನ ಆಡುಮಾತು, ಓದಿದವರ ನಡುವೆ ಫ್ರೆಂಚ್. ಇಟಾಲಿಯನ್ ಅವನಿಗೆ ಹೆಚ್ಚಾಗಿ ಪುಸ್ತಕದ ಭಾಷೆ. 1827ರಲ್ಲಿ ತನ್ನ ಕಾದಂಬರಿಯನ್ನು ಅಚ್ಚು ಹಾಕಿಸಿ, ಅದೇ ವರ್ಷ ಫ್ಲಾರೆನ್ಸಿಗೆ ಹೋದ. ಅಲ್ಲಿನ ಜೀವಂತ ಭಾಷೆ ಕಿವಿಗೆ ಬಿದ್ದ ಮೇಲೆ ಇಡೀ ಕಾದಂಬರಿಯನ್ನು ಸಾಲು ಸಾಲಾಗಿ ತಿದ್ದುತ್ತ ಕುಳಿತ. ತನ್ನ ಬಟ್ಟೆಗಳನ್ನು ಆರ್ನೊ ನದಿಯಲ್ಲಿ ಜಾಲಾಡಿಸಿದೆ ಎಂಬ ಅವನ ಮಾತು ಇಟಲಿಯ ಶಾಲಾಮಕ್ಕಳಿಗೆಲ್ಲ ಗೊತ್ತು. 1840ರಿಂದ ಬಿಡಿ ಸಂಚಿಕೆಗಳಲ್ಲಿ ಹೊರಬಂದ ಹೊಸ ಆವೃತ್ತಿಯಲ್ಲಿ ‘ನಾನು’ ಇದ್ದ ಕಡೆ ‘-ಆವ’ ಹೋಗಿ ‘-ಆವೊ’ ಬಂದಿತ್ತು. ಆ ಪುಸ್ತಕ ಶಾಲೆಗಳಿಗೆ ಹೋಯಿತು, ಅದರ ಜೊತೆಗೆ ಆ ಒಂದು ಸ್ವರವೂ. 1861ರಲ್ಲಿ ದೇಶ ಒಂದಾದಾಗ ಇಟಾಲಿಯನ್ ಬಲ್ಲವರು ನೂರಕ್ಕೆ ಎರಡೂವರೆ ಮಂದಿ ಎಂಬುದು ಭಾಷಾಶಾಸ್ತ್ರಜ್ಞ ತುಲ್ಲಿಯೊ ದೆ ಮೌರೊ ಅವರ ಲೆಕ್ಕ. ಉಳಿದವರಿಗೆಲ್ಲ ಈ ಪಟ್ಟಿ ಪರಭಾಷೆಯ ಪಾಠವೇ ಆಗಿತ್ತು, ಈಗ ನನಗೆ ಆಗಿರುವ ಹಾಗೆ.

ಇಂಪೆರ್ಫೆತ್ತೊ ಮಾಡುವ ಕೆಲಸ ಭೂತಕಾಲಕ್ಕೆ ಮುಗಿಯುವುದಿಲ್ಲ. ಕಾಫಿ ಕೇಳುವಾಗ ‘ವೊಲೇವೊ’ ಎನ್ನುತ್ತಾರೆ: ನನಗೆ ಒಂದು ಕಾಫಿ ಬೇಕಿತ್ತು. ಕಾಲವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದರೆ ಮಾತು ಮೆತ್ತಗಾಗುತ್ತದೆ. ಇದು ನಮಗೂ ಗೊತ್ತಿರುವ ಉಪಾಯ. ಮಕ್ಕಳು ಆಟ ಕಟ್ಟುವಾಗ ‘ನಾನು ರಾಜ ಆಗಿದ್ದೆ, ನೀನು ಕಳ್ಳ ಆಗಿದ್ದೆ’ ಎಂದು ಪಾತ್ರ ಹಂಚಿಕೊಳ್ಳುತ್ತಾರೆ. ನಮ್ಮ ಓಣಿಯಲ್ಲಿ ಇದನ್ನೇ ‘ನೀನು ಕಳ್ಳ ಅಂತೆ, ನಾನು ಪೊಲೀಸ್ ಅಂತೆ’ ಎನ್ನುತ್ತಿದ್ದೆವು. ಈ ‘ಅಂತೆ’ಯನ್ನು ನೆನಪಿಡಿ, ಇನ್ನೊಂದು ಕಡೆ ಬೇಕಾಗುತ್ತದೆ.

ನಾನಿರುವುದು ಪೋ ನದಿಯ ಬಯಲಿನಲ್ಲಿ, ಕ್ರೆಮೋನಾದ ಆಸುಪಾಸಿನಲ್ಲಿ. ಸುತ್ತ ಮೆಕ್ಕೆಜೋಳದ ಹೊಲಗಳು, ಹಸುಗಳ ಕೊಟ್ಟಿಗೆಗಳು, ಚೀಸ್ ಮಾಡುವ ಡೇರಿಗಳು. ಆ ಕೊಟ್ಟಿಗೆಗಳಲ್ಲಿ ಹಾಲು ಕರೆಯುವವರಲ್ಲಿ ಪಂಜಾಬಿನವರು ಬಹಳ. 2018ರ ಕಾನೂನಿನ ನಂತರ ಇಲ್ಲಿ ಪೌರತ್ವ ಕೇಳುವವರು ಬಿ1 ಎಂಬ ನಡುಮಟ್ಟದ ಇಟಾಲಿಯನ್ ಬಲ್ಲರೆಂದು ತೋರಿಸಬೇಕು. ಆದ್ದರಿಂದ ವಯಸ್ಕರ ಸಂಜೆ ತರಗತಿಗಳು ತುಂಬಿರುತ್ತವೆ. ನನ್ನ ತರಗತಿಯಲ್ಲಿ ಪಂಜಾಬಿಗಳು, ಮೊರೊಕ್ಕೊದವರು, ಮುದುಕರನ್ನು ನೋಡಿಕೊಳ್ಳುವ ಉಕ್ರೇನಿನ ಹೆಂಗಸರು, ಮಂಗಳೂರಿನ ನಾನು. ಶಿಕ್ಷಕಿ ಸಿಸಿಲಿಯವರು. ದಕ್ಷಿಣದಲ್ಲಿ ಹುದ್ದೆ ಸಿಗದೆ ಉತ್ತರಕ್ಕೆ ಬರುವ ಶಿಕ್ಷಕರು ಇಟಲಿಯಲ್ಲಿ ತೀರ ಸಾಮಾನ್ಯ.

ಅವರಿಂದ ನಮಗೆ ಭೂತಕಾಲದ ಭೂಪಟವೇ ಸಿಕ್ಕಿತು. ಇಟಾಲಿಯನ್‌ನಲ್ಲಿ ಮುಗಿದ ಕೆಲಸವನ್ನು ಹೇಳಲು ಎರಡು ದಾರಿ. ಒಂದು ‘ಪಸ್ಸಾತೊ ರೆಮೋತೊ’, ದೂರದ ಭೂತ: ಪರ್ಲಾಯಿ, ಪರ್ಲಸ್ತಿ, ಪರ್ಲೋ, ಪರ್ಲಮ್ಮೊ, ಪರ್ಲಸ್ತೆ, ಪರ್ಲಾರೊನೊ. ಇನ್ನೊಂದು ‘ಪಸ್ಸಾತೊ ಪ್ರೊಸ್ಸಿಮೊ’, ಹತ್ತಿರದ ಭೂತ: ‘ಓ ಪರ್ಲಾತೊ’, ಸಹಾಯಕ ಕ್ರಿಯಾಪದ ಸೇರಿಸಿ ಕಟ್ಟಿದ್ದು. ಪುಸ್ತಕ ಹೇಳುವ ಪ್ರಕಾರ ವರ್ತಮಾನಕ್ಕೆ ಸಂಬಂಧ ಕಡಿದುಹೋದದ್ದು ಮೊದಲನೆಯದರಲ್ಲಿ, ಇನ್ನೂ ತಾಕುವಂಥದ್ದು ಎರಡನೆಯದರಲ್ಲಿ. ಆದರೆ ಉತ್ತರದ ಜನ ಮಾತಿನಲ್ಲಿ ಮೊದಲನೆಯದನ್ನು ಬಿಟ್ಟೇ ಬಿಟ್ಟಿದ್ದಾರೆ. ತಾತನ ಮದುವೆಯೂ ಅವರಿಗೆ ಹತ್ತಿರದ ಭೂತವೇ. ಸಿಸಿಲಿಯಲ್ಲಿ ಬೆಳಿಗ್ಗೆ ಕುಡಿದ ಕಾಫಿಯೂ ದೂರದ ಭೂತ. ಪುಸ್ತಕದ ನಿಯಮಕ್ಕೆ ಹತ್ತಿರದಲ್ಲಿ ಮಾತನಾಡುವವರು ಫ್ಲಾರೆನ್ಸ್ ಇರುವ ಸೀಮೆಯಾದ ತಸ್ಕನಿಯವರು, ನಿಯಮ ಬಂದದ್ದೇ ಅಲ್ಲಿಂದ ಎಂಬುದು ಕಾರಣ. ನಮ್ಮ ಶಿಕ್ಷಕಿ ಹಲಗೆಯ ಮೇಲೆ ಒಂದು ಬರೆದು, ಬಾಗಿಲ ಬಳಿ ಸಹೋದ್ಯೋಗಿಯ ಜೊತೆ ಇನ್ನೊಂದು ಮಾತನಾಡುತ್ತಿದ್ದರು. ಊರಿನಿಂದ ಅವರ ತಾಯಿಯ ಫೋನ್ ಬಂದರಂತೂ ಐದು ನಿಮಿಷದಲ್ಲಿ ಪರ್ಲಾಯಿ, ಪರ್ಲೋಗಳ ಮಳೆಯೇ ಸುರಿಯುತ್ತಿತ್ತು. ಉತ್ತರದ ಮಕ್ಕಳಿಗೆ ಅದು ಕಥೆಪುಸ್ತಕದಲ್ಲಿ ಮಾತ್ರ ಸಿಗುವ ಕಾಲ.

ಹತ್ತಿರದ ಭೂತದಲ್ಲಿ ಇನ್ನೊಂದು ಸಂಗತಿ ಇದೆ. ಕನ್ನಡದಲ್ಲಿ ‘ಮಾತನಾಡಿದ್ದೇನೆ’, ‘ಬಂದಿದ್ದೇನೆ’ ಎರಡಕ್ಕೂ ‘ಇರು’ ಒಂದೇ ಸಾಕು. ಇಟಾಲಿಯನ್ ಹೆಚ್ಚಿನವಕ್ಕೆ ‘ಅವೇರೆ’ ಕೊಟ್ಟು, ಹೋಗುವ, ಬರುವ, ಹುಟ್ಟುವ, ಸಾಯುವ ಕ್ರಿಯೆಗಳಿಗೆ ‘ಎಸ್ಸೆರೆ’ ಕೊಡುತ್ತದೆ. ಎಸ್ಸೆರೆ ಬಂದ ಕಡೆ ಲಿಂಗವೂ ಬರುತ್ತದೆ. ‘ಸೋನೊ ಅಂದಾತ’ ಎಂದರೆ ಹೋದೆ, ಹೇಳುತ್ತಿರುವವಳು ಹೆಣ್ಣು. ಕನ್ನಡ ‘ಹೋದನು, ಹೋದಳು’ ಎಂದು ಮೂರನೆಯವರ ಲಿಂಗ ವಿಚಾರಿಸುತ್ತದೆ. ‘ನಾನು ಹೋದೆ’ ಎನ್ನುವವರನ್ನು ಅವರ ಪಾಡಿಗೆ ಬಿಡುತ್ತದೆ. ಇಟಾಲಿಯನ್ ಬಿಡುವುದಿಲ್ಲ.

ಭವಿಷ್ಯತ್ಕಾಲಕ್ಕೆ ಬಂದರೆ ಬೆಸುಗೆಯ ಗುರುತೇ ಕಾಣುತ್ತದೆ. ಲ್ಯಾಟಿನ್‌ನ ಹಳೆಯ ಭವಿಷ್ಯತ್ ರೂಪಗಳು ಅಳಿದವು. ಉಚ್ಚಾರಣೆ ಬದಲಾಗುತ್ತ ಬಂದಂತೆ ಅವು ಭೂತಕಾಲದ ರೂಪಗಳೊಂದಿಗೆ ಬೆರೆಯತೊಡಗಿದ್ದವು. ಜನ ‘ಪರ್ಲಾರೆ’ಯ ಹಿಂದೆ ‘ಅವೇರೆ’ಯ ವರ್ತಮಾನವನ್ನು ಅಂಟಿಸಿದರು: ಮಾತನಾಡುವುದು ಇದೆ ನನಗೆ. ಅದು ‘ಪರ್ಲೆರೋ’ ಆಯಿತು. ಅದೇ ಪರ್ಲಾರೆಗೆ ‘ಅವೇರೆ’ಯ ಭೂತಕಾಲವನ್ನು ಅಂಟಿಸಿದಾಗ ‘ಪರ್ಲೆರೇಯಿ’: ಮಾತನಾಡುವುದು ಇತ್ತು ನನಗೆ, ಅಂದರೆ ಮಾತನಾಡಬಹುದಿತ್ತು, ಮಾತನಾಡುತ್ತಿದ್ದೆ. ಇದು ಕೊಂದಿತ್ಸಿಯೊನಾಲೆ. ಲ್ಯಾಟಿನ್‌ನಲ್ಲಿ ಇಲ್ಲದ ಅರ್ಥವಾದ್ದರಿಂದ ಬಹಳ ಕಾಲ ವ್ಯಾಕರಣಕಾರರಿಗೆ ಇದನ್ನು ಯಾವ ಕಪಾಟಿನಲ್ಲಿಡಬೇಕೆಂದು ತಿಳಿಯಲಿಲ್ಲ. ನಡುವಿನ ‘ಎ’ ಫ್ಲಾರೆನ್ಸಿನ ಸಹಿ. ಕೂಗಳತೆಯಲ್ಲಿರುವ ಸಿಯೇನಾದವರು ‘ಪರ್ಲರೋ’ ಎನ್ನುತ್ತಿದ್ದರು, ಧಾತುವಿನ ‘ಅ’ ಉಳಿಸಿಕೊಂಡು. ನ್ಯಾಯವಾಗಿ ನೋಡಿದರೆ ಅವರದೇ ಹೆಚ್ಚು ನಿಯಮಬದ್ಧ!

ಈ ಎರಡು ಸಾಲುಗಳಲ್ಲಿ ‘ನಾವು’ ರೂಪಗಳನ್ನು ನೋಡಿ. ಮಾತನಾಡುತ್ತೇವೆ ಎಂಬ ಭರವಸೆ ‘ಪರ್ಲೆರೇಮೊ’. ಮಾತನಾಡುತ್ತಿದ್ದೆವು, ಆದರೆ… ಎಂಬ ಹಿಂಜರಿಕೆ ‘ಪರ್ಲೆರೆಮ್ಮೊ’. ವ್ಯತ್ಯಾಸ ಒಂದು ಮ-ಒತ್ತು. ಇಂಗ್ಲಿಷ್, ಸ್ಪ್ಯಾನಿಷ್ ಮಾತೃಭಾಷೆಯವರು ಇದರ ಮುಂದೆ ಒದ್ದಾಡುತ್ತಾರೆ, ಉತ್ತರ ಇಟಲಿಯವರ ನಾಲಗೆಯಲ್ಲೂ ದ್ವಿತ್ವ ತೆಳುವಾಗುತ್ತದೆ. ‘ಹಳಿ’ಯನ್ನೂ ‘ಹಳ್ಳಿ’ಯನ್ನೂ ಎಂದೂ ಬೆರೆಸದ ಕನ್ನಡಿಗರಿಗೆ ಇದು ಪುಕ್ಕಟೆ ಸಿಕ್ಕ ಆಸ್ತಿ. ಲಿಪಿ ಒಗ್ಗುತ್ತದೆ ಎಂದದ್ದು ಇದಕ್ಕೇ.

ಕೊಂದಿತ್ಸಿಯೊನಾಲೆ ಪತ್ರಿಕೆಗಳಲ್ಲಿ ಮಾಡುವ ಕೆಲಸ ಬಹಳ ಸೊಗಸು. ‘ಸಚಿವರು ಅವ್ರೆಬ್ಬೆ ಪರ್ಲಾತೊ’ ಎಂದು ಬರೆದರೆ ಮಾತನಾಡಿದರೆಂದು ಸುದ್ದಿ ಇದೆ, ಹೊಣೆ ನಮ್ಮದಲ್ಲ ಎಂದರ್ಥ. ಇನ್ನೂ ಖಚಿತವಾಗದ ಸುದ್ದಿ ಓದುವಾಗ ಟಿವಿಯವರು ‘ಇಲ್ಲಿ ಕೊಂದಿತ್ಸಿಯೊನಾಲೆ ಕಡ್ಡಾಯ’ ಎಂದು ಬಾಯಿಬಿಟ್ಟು ಹೇಳುವುದೂ ಉಂಟು. ವ್ಯಾಕರಣದ ಪಾರಿಭಾಷಿಕ ಪದವೊಂದು ರಾತ್ರಿಯ ವಾರ್ತೆಯಲ್ಲಿ ಹೀಗೆ ಸಲೀಸಾಗಿ ಬರುವ ಬೇರೆ ದೇಶ ನನಗೆ ಕಂಡಿಲ್ಲ. ನಮ್ಮ ಪತ್ರಿಕೆಗಳಲ್ಲಿ ಇದಕ್ಕೆ ‘ಎನ್ನಲಾಗಿದೆ’ ಇದೆ, ಜಗಲಿಯಲ್ಲಿ ‘ಅಂತೆ’ ಇದೆ. ಮಕ್ಕಳ ಆಟಕ್ಕೂ ಗಾಳಿಸುದ್ದಿಗೂ ಕನ್ನಡ ಒಂದೇ ‘ಅಂತೆ’ಯಲ್ಲಿ ಸಂಸಾರ ತೂಗಿಸಿದರೆ, ಇಟಾಲಿಯನ್ ಒಂದಕ್ಕೆ ಒಂದು ಕಾಲವನ್ನು, ಇನ್ನೊಂದಕ್ಕೆ ಒಂದು ಇಡೀ ಅರ್ಥವನ್ನು ಮೀಸಲಿಟ್ಟಿದೆ.

ಕೊಂಜುಂತೀವೊ ಎಂದರೆ ಇಟಲಿಯ ಮಧ್ಯಮವರ್ಗಕ್ಕೆ ಜಾತಿಪ್ರಮಾಣಪತ್ರ ಇದ್ದಂತೆ. ನಂಬುತ್ತೇನೆ, ಬಯಸುತ್ತೇನೆ, ಹೆದರುತ್ತೇನೆ ಎಂದ ಮೇಲೆ ಬರುವ ಕ್ರಿಯಾಪದ ಈ ವೇಷ ತೊಡಬೇಕು. ಶಾಲೆಯಲ್ಲಿ ಮಕ್ಕಳು ‘ಕೆ ಇಯೊ ಪರ್ಲಿ, ಕೆ ತು ಪರ್ಲಿ’ ಎಂದು ಮುಂದೆ ‘ಕೆ’ ಸೇರಿಸಿಯೇ ರಾಗವಾಗಿ ಒಪ್ಪಿಸುತ್ತಾರೆ, ನಾವು ‘ರಾಮಃ ರಾಮೌ ರಾಮಾಃ’ ಒಪ್ಪಿಸಿದ ಧಾಟಿಯಲ್ಲೇ. ಆ ‘ಕೆ’ ಇಲ್ಲದೆ ಗುರುತು ಹತ್ತುವುದು ಕಷ್ಟ. ನಾನು, ನೀನು, ಅವನು ಮೂವರಿಗೂ ‘ಪರ್ಲಿ’; ಅದೇ ‘ಪರ್ಲಿ’ ನಿಶ್ಚಯಾರ್ಥದಲ್ಲಿ ‘ನೀನು ಮಾತನಾಡುತ್ತೀಯೆ’; ಗೌರವದಿಂದ ‘ಮಾತನಾಡಿ’ ಎನ್ನಲೂ ‘ಪರ್ಲಿ’. ಐದು ಕೆಲಸಕ್ಕೆ ಒಬ್ಬ ಆಳು. ಕೊಂಜುಂತೀವೊ ಸಾಯುತ್ತಿದೆ ಎಂದು ಪತ್ರಿಕೆಗಳಲ್ಲಿ ಆಗಾಗ ಶೋಕ ಕೇಳುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ತಪ್ಪಿದವರನ್ನು ನೋಡಿ ಇಷ್ಟು ಜನ ನಗುತ್ತಿರುವವರೆಗೆ ಅದಕ್ಕೆ ಸಾವಿಲ್ಲ. ‘ನನಗೆ ಗೊತ್ತಿದ್ದರೆ ಬರುತ್ತಿದ್ದೆ’ ಎನ್ನಲು ಪುಸ್ತಕ ಕೇಳುವುದು ಕೊಂಜುಂತೀವೊದ ಪರೋಕ್ಷ ಭೂತ ಒಂದು, ಕೊಂದಿತ್ಸಿಯೊನಾಲೆಯ ಭೂತ ಒಂದು. ಮಾತಿನಲ್ಲಿ ಜನ ಎರಡೂ ಕಡೆ ಇಂಪೆರ್ಫೆತ್ತೊ ಇಟ್ಟು ಮುಗಿಸುತ್ತಾರೆ, ಯಾರಿಗೂ ನೋವಾಗುವುದಿಲ್ಲ. ಆದರೆ ‘ಸೆ’ ಎಂಬ ‘-ದರೆ’ಯ ಜೊತೆ ನೇರವಾಗಿ ಕೊಂದಿತ್ಸಿಯೊನಾಲೆ ಇಟ್ಟಿರೋ, ಎಂಟನೆಯ ತರಗತಿಯ ಹುಡುಗನೂ ಹುಬ್ಬೇರಿಸುತ್ತಾನೆ.

ಗೌರವದ ‘ಪರ್ಲಿ’ಯದು ಬೇರೆಯದೇ ಕಥೆ. ಇಟಾಲಿಯನ್‌ನಲ್ಲಿ ಗೌರವಕ್ಕೆ ‘ಲೇಯಿ’, ಅಂದರೆ ‘ಅವಳು’. ಎದುರಿಗಿರುವವರು ಮೀಸೆ ಹೊತ್ತ ಪೊಲೀಸ್ ಅಧಿಕಾರಿಯಾದರೂ ವ್ಯಾಕರಣಕ್ಕೆ ಅವಳೇ. ‘ನಿಮ್ಮ ಪ್ರಭುತ್ವ’ ಎಂಬಂಥ ಬಿರುದು ಸ್ತ್ರೀಲಿಂಗವಾದ್ದರಿಂದ ಬಂದ ರೂಢಿ ಇದು, ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಆಡಳಿತದ ಕಾಲದಲ್ಲಿ ಬೇರೂರಿತು. ಎದುರಿಗಿರುವವರನ್ನು ಪ್ರಥಮ ಪುರುಷ ಮಾಡಿದ ಮೇಲೆ ಅವರಿಗೆ ನೇರ ಆಜ್ಞೆ ಕೊಡಲಾಗದು. ‘ಅವರು ಮಾತನಾಡಲಿ’ ಎಂದು ಹಾರೈಸಬಹುದು ಅಷ್ಟೆ. ನಮ್ಮ ಐತಿಹಾಸಿಕ ನಾಟಕಗಳ ಆಸ್ಥಾನದಲ್ಲಿ ‘ಮಹಾಸ್ವಾಮಿಗಳು ದಯಮಾಡಿಸಬೇಕು’ ಎಂದು ರಾಜನ ಮುಖ ನೋಡಿಯೇ ಮೂರನೆಯವರಂತೆ ಮಾತನಾಡುತ್ತಾರಲ್ಲ, ಆ ಮರ್ಯಾದೆಯನ್ನು ಇಟಲಿಯವರು ತರಕಾರಿ ಅಂಗಡಿಗೂ ತಂದಿದ್ದಾರೆ.

ಮುಸ್ಸೋಲಿನಿಯ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ವಿದೇಶಿ, ಗುಲಾಮಗಿರಿಯ ಗುರುತು ಎಂದು 1938ರಲ್ಲಿ ಲೇಯಿಯನ್ನು ತೆಗೆದು ‘ವೋಯಿ’, ಅಂದರೆ ಬಹುವಚನದ ‘ನೀವು’ ಬಳಸಬೇಕೆಂದಿತು. ಕಚೇರಿಗಳಲ್ಲಿ ಫಲಕಗಳು ಬಂದವು. ‘ಲೇಯಿ’ ಎಂಬ ಹೆಸರಿನ ಮಹಿಳಾ ಪತ್ರಿಕೆಯೊಂದು ‘ಅನ್ನಬೆಲ್ಲ’ ಎಂದು ಹೆಸರು ಬದಲಿಸಿಕೊಳ್ಳಬೇಕಾಯಿತು. ಅಲ್ಲಿ ಲೇಯಿ ಎಂದರೆ ಸುಮ್ಮನೆ ‘ಅವಳು’ ಎಂದಿತ್ತು, ಪಾಪ. ಹಾಗಿದ್ದರೆ ಗಲಿಲೇಯೊ ಗಲಿಲೇಯಿಯನ್ನು ಇನ್ನು ಮೇಲೆ ಗಲಿಲೇಯೊ ಗಲಿವೋಯಿ ಎನ್ನಬೇಕೇ ಎಂಬ ನಗೆಚಟಾಕಿ ಆ ಕಾಲದ್ದು. ಸರ್ಕಾರ ಬಿದ್ದಿತು, ಲೇಯಿ ತನ್ನ ಜಾಗಕ್ಕೆ ಮರಳಿತು. ದಕ್ಷಿಣದ ಹಳ್ಳಿಗಳಲ್ಲಿ ಹಿರಿಯರಿಗೆ ‘ವೋಯಿ’ ಎನ್ನುವುದು ಈಗಲೂ ಇದೆ. ಅದು ಮುಸ್ಸೋಲಿನಿಗಿಂತ ಬಹಳ ಹಳೆಯದು, ಅವನಿಂದ ಕೆಟ್ಟ ಹೆಸರು ಹೊತ್ತಿತು.

ಇಷ್ಟೆಲ್ಲ ಮನೆಗಳಿರುವ ಪಟ್ಟಿಯ ಹೊಸ್ತಿಲಲ್ಲೇ ನಿಂತಿರುವುದು ಇನ್‌ಫಿನೀತೊ: ಬರಿಯ ‘ಪರ್ಲಾರೆ’. ಆಳಿಲ್ಲ, ಕಾಲವಿಲ್ಲ. ಬಸ್ಸಿನಲ್ಲಿ ‘ನೊನ್ ಪರ್ಲಾರೆ ಅಲ್ ಕೊಂದುಚೆಂತೆ’ ಎಂಬ ಫಲಕ, ಚಾಲಕನೊಡನೆ ಮಾತನಾಡಬಾರದು. ಬಾಗಿಲ ಮೇಲೆ ತಳ್ಳುವುದು, ಎಳೆಯುವುದು. ಮಗುವಿಗೆ ‘ಮಾತನಾಡಬೇಡ’ ಎನ್ನುವುದೂ ಹೀಗೆಯೇ. ‘ನೀನು’ ಎನ್ನುವವರಿಗೆ ನಿಷೇಧ ಹೇಳುವಾಗ ಇಟಾಲಿಯನ್ ಪ್ರತ್ಯಯವನ್ನು ಕಿತ್ತುಕೊಳ್ಳುತ್ತದೆ. ಇನ್ನೊಂದು ಬಳಕೆ ಯಾವ ಪುಸ್ತಕದ ಪಟ್ಟಿಯಲ್ಲೂ ಇಲ್ಲ. ವಿದೇಶಿಯರ ಜೊತೆ, ಅದರಲ್ಲೂ ಚರ್ಮದ ಬಣ್ಣ ನೋಡಿ ವಿದೇಶಿಯರೆಂದು ನಿರ್ಧರಿಸಿದವರ ಜೊತೆ, ಕೆಲವರು ಇಡೀ ಭಾಷೆಯನ್ನೇ ಇನ್‌ಫಿನೀತೊಗೆ ಇಳಿಸುತ್ತಾರೆ. ‘ತು ಕಪೀರೆ? ತು ತೊರ್ನಾರೆ ದೊಮಾನಿ.’ ನೀನು ತಿಳಿಯುವುದು? ನೀನು ನಾಳೆ ಮರಳುವುದು. ಲೇಯಿ ಹೋಯಿತು, ಕಾಲ ಹೋಯಿತು, ಜೊತೆಗೆ ಧ್ವನಿಯೂ ಏರಿತು. ಒಂದು ಕಚೇರಿಯ ಕಿಟಕಿಯಾಚೆಯಿಂದ ಹೀಗೆ ನನ್ನೊಡನೆ ಮಾತನಾಡಿದವರಿಗೆ ನಾನು ಕೊಂದಿತ್ಸಿಯೊನಾಲೆಯಲ್ಲಿ ಉತ್ತರ ಕೊಟ್ಟೆ. ಅವರು ಮತ್ತೆ ಇನ್‌ಫಿನೀತೊದಲ್ಲೇ ಮುಂದುವರಿಸಿದರು. ಕಿವಿಗೆ ಬಿದ್ದದ್ದಕ್ಕಿಂತ ಕಣ್ಣಿಗೆ ಬಿದ್ದದ್ದು ಅವರಿಗೆ ಹೆಚ್ಚು ನಂಬಿಕೆಯದಾಗಿತ್ತು.

ತರಗತಿಯ ಪಂಜಾಬಿ ಗೆಳೆಯರೊಬ್ಬರು ಹಲವು ವರ್ಷಗಳಿಂದ ಕೊಟ್ಟಿಗೆಯ ಕೆಲಸದಲ್ಲಿದ್ದರು. ಹಸುಗಳ ಬಗ್ಗೆ, ಯಂತ್ರಗಳ ಬಗ್ಗೆ ಅವರಿಗೆ ಗೊತ್ತಿದ್ದಷ್ಟು ಇಟಾಲಿಯನ್ ಪದಗಳು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಎಲ್ಲವೂ ಇನ್‌ಫಿನೀತೊದಲ್ಲಿ: ಯಜಮಾನ ಹೇಳುವುದು, ನಾನು ಕರೆಯುವುದು, ಹಸು ಒದೆಯುವುದು. ನಾವು ಯಾರೋ ನಕ್ಕಾಗ ಶಿಕ್ಷಕಿ ಸಿಟ್ಟಾದರು. ಇವರು ತಪ್ಪು ಕಲಿತಿಲ್ಲ, ಇವರಿಗೆ ಯಾವ ಇಟಾಲಿಯನ್ ಕೊಟ್ಟರೋ ಅದನ್ನು ಚಾಚೂ ತಪ್ಪದೆ ಕಲಿತಿದ್ದಾರೆ ಎಂದರು. ಕ್ರಿಯಾಪದದ ಪಟ್ಟಿ ಬಾಯಿಪಾಠ ಮಾಡಿಸುವುದು ಹಳೆಯ ಕಾಲದ ಪದ್ಧತಿ, ಮಾತಿನಿಂದಲೇ ಭಾಷೆ ಬರಬೇಕು ಎಂದು ವಾದಿಸುವವರನ್ನು ಕಂಡಾಗಲೆಲ್ಲ ನನಗೆ ಇವರ ನೆನಪಾಗುತ್ತದೆ. ಸುತ್ತಲಿನ ಮಾತು ಎಲ್ಲರಿಗೂ ಒಂದೇ ರೀತಿ ದಕ್ಕುವುದಿಲ್ಲ. ಪಟ್ಟಿಗೆ ಆ ಪಕ್ಷಪಾತವಿಲ್ಲ, ಓದಿದವರಿಗೆಲ್ಲ 95 ಮನೆಗಳನ್ನೂ ತೆರೆದಿಡುತ್ತದೆ.

ಪಟ್ಟಿ ಬೇಕಾಗುವುದು ಹೊರಗಿನವರಿಗೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1882ರಲ್ಲಿ ಕೊಂಕಣಿ ವ್ಯಾಕರಣವೊಂದು ಅಚ್ಚಾಯಿತು, ಮರುವರ್ಷ ಇಂಗ್ಲಿಷ್-ಕೊಂಕಣಿ ನಿಘಂಟು. ಬರೆದವರು ಆಂಜೆಲೊ ಮಫೇಯಿ ಎಂಬ ಇಟಾಲಿಯನ್ ಜೆಸ್ವಿಟ್ ಪಾದ್ರಿ. ನಮ್ಮೂರಿನಲ್ಲಿ ಇಟಾಲಿಯನ್ನರು ಎಂದರೆ ಎಲ್ಲರಿಗೂ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದ ಆಂತೋನಿಯೊ ಮೊಸ್ಕೇನಿ ನೆನಪಾಗುತ್ತಾನೆ. ನನಗೆ ಮಫೇಯಿಯ ಮೇಲೆ ಒಲವು ಹೆಚ್ಚು. ಪರ್ಲಾರೆಯ ನಾಡಿನಿಂದ ಬಂದು, ಮೀನು ಮಾರುಕಟ್ಟೆಯಲ್ಲೂ ಇಗರ್ಜಿಯ ಅಂಗಳದಲ್ಲೂ ಸಲೀಸಾಗಿ ಹರಿಯುತ್ತಿದ್ದ ಕ್ರಿಯಾಪದಗಳನ್ನು ಆ ಮನುಷ್ಯ ಸಾಲು ಸಾಲಾಗಿ ಕೂರಿಸಿದ. ಆಡುವವರಿಗೆ ಅದರ ಅಗತ್ಯವೇ ಇರಲಿಲ್ಲ.

ಆಡುವವರು ಮಾಡುವುದು ಬೇರೆ ಕೆಲಸ. ಸಾಲಿಗೆ ಹೊಸಬರನ್ನು ತಂದು ನಿಲ್ಲಿಸುತ್ತಾರೆ. ಕವಿ ದಾಂತೆ ತನ್ನ ‘ದಿವ್ಯ ಕಾಮೆಡಿ’ ಮಹಾಕಾವ್ಯದ ಸ್ವರ್ಗಕಾಂಡದ ಒಂಬತ್ತನೆಯ ಸರ್ಗದಲ್ಲಿ ‘ತು’ ಎಂಬ ನೀನು, ‘ಮಿ’ ಎಂಬ ನನ್ನನ್ನು ಎರಡನ್ನೇ ಧಾತುಗಳಾಗಿ ಮಾಡಿ ಹೊಸ ಕ್ರಿಯಾಪದ ಕಟ್ಟುತ್ತಾನೆ: ನೀನು ನನ್ನೊಳಗಾಗುವಂತೆ ನಾನು ನಿನ್ನೊಳಗಾಗಬಲ್ಲೆನಾದರೆ. ಅದರಲ್ಲಿ ಒಂದು ಕೊಂಜುಂತೀವೊದ ಇಂಪೆರ್ಫೆತ್ತೊದಲ್ಲಿದೆ, ‘ಇಂತುವಸ್ಸಿ’. ಪರ್ಲಸ್ಸಿ, ಪರ್ಲಸ್ಸಿ, ಪರ್ಲಸ್ಸೆ ಎಂಬ ಸಾಲಿನದೇ ಪ್ರತ್ಯಯ. ಎಂದೂ ಕೇಳದ ಕ್ರಿಯಾಪದ, ಆದರೂ ಓದುಗ ತಡವರಿಸುವುದಿಲ್ಲ.

ಶಿಕ್ಷಕಿ ಇದನ್ನು ಹಲಗೆಯ ಮೇಲೆ ಬರೆದು, ನೀವೂ ಒಂದೊಂದು ಕ್ರಿಯಾಪದ ಹುಟ್ಟಿಸಿ ಎಂದರು. ಕೊಟ್ಟಿಗೆಯ ಗೆಳೆಯರು ಎದ್ದು ‘ಲಸ್ಸಾರೆ’ ಎಂದರು, ಲಸ್ಸಿ ಕುಡಿಯುವುದು. ಲಸ್ಸೊ, ಲಸ್ಸಿ, ಲಸ್ಸ; ಕೊಂಜುಂತೀವೊಗೆ ಬಂದು ‘ಸೆ ಲಸ್ಸಸ್ಸಿ’ ಎಂದಾಗ ತರಗತಿಯಲ್ಲಿ ಪಾಠ ನಡೆಯುವ ಲಕ್ಷಣ ಉಳಿಯಲಿಲ್ಲ. ಶಿಕ್ಷಕಿಗೆ ಎಲ್ಲರಿಗಿಂತ ಹೆಚ್ಚು ನಗು. ಅವರ ಸಿಸಿಲಿಯಲ್ಲಿ ‘ಲಸ್ಸಾರಿ’ ಎಂಬ ಕ್ರಿಯಾಪದ ಮೊದಲೇ ಇದೆ, ಬಿಟ್ಟುಬಿಡು ಎಂದರ್ಥ, ಆ ಮನೆ ಖಾಲಿ ಇಲ್ಲ ಎಂದರು. ಇವರು ಒಪ್ಪಲಿಲ್ಲ: ನಿಮ್ಮದು ಸಿಸಿಲಿಯದು, ನನ್ನದು ಇಟಾಲಿಯನ್. ಹಾಗಾದರೆ ಹತ್ತಿರದ ಭೂತಕ್ಕೆ ಸಹಾಯಕ ಯಾವುದು ಹೇಳಿ ಎಂದು ಶಿಕ್ಷಕಿ ಸವಾಲು ಹಾಕಿದರು. ಕುಡಿಯುವ ಕೆಲಸ, ಆದ್ದರಿಂದ ಅವೇರೆ ಎಂದಿತು ಮೊರೊಕ್ಕೊದ ಸಾಲು. ಲಸ್ಸಿ ಕುಡಿದವನ ಸ್ಥಿತಿಯೇ ಬದಲಾಗುತ್ತದೆ, ನಿದ್ದೆ ಬರುತ್ತದೆ, ಆದ್ದರಿಂದ ಎಸ್ಸೆರೆಯೇ ಆಗಬೇಕು ಎಂದು ಪಂಜಾಬಿಗಳ ಪಟ್ಟು. ಗಂಟೆ ಹೊಡೆದರೂ ತೀರ್ಮಾನವಾಗಲಿಲ್ಲ.